ಗುಡ್ಡದ ಫ್ಯಾನಿನಲ್ಲಿ ಹಾಲಿನ ಸಂಘಗಳಿಗೂ ಪಾಲಿರಲಿ

ಮಾನ್ಯ ಸಂಪಾದಕರೇ,

ಚಿತ್ರದುರ್ಗ ಜಿಲ್ಲೆಯಲ್ಲಿ ಜೋಗಿಮಟ್ಟಿಯಿಂದ ಹಿಡಿದು ಹೊಸದುರ್ಗದ ಗುಡ್ಡಗಳವರೆಗೆ ಎಲ್ಲಿ ನಿಂತು ನೋಡಿದರೂ ಕರೆಂಟು ತಯಾರಿಸುವ ಗಾಳಿ ಫ್ಯಾನುಗಳು ಕಾಣುತ್ತವೆ. ಅದೇ ಗುಡ್ಡಗಳ ಬುಡದ ಊರುಗಳಲ್ಲಿ ನಾವು ಹಾಲು ತಣ್ಣಗಿಡಲು ಡೀಸೆಲ್ ಸುಡುತ್ತಿದ್ದೇವೆ. ಹೊಸದುರ್ಗ ತಾಲ್ಲೂಕಿನ ಒಂದು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಸಂಘದಲ್ಲಿ ಬಿಎಂಸಿ, ಅಂದರೆ ಹಾಲು ತಂಪು ಮಾಡುವ ದೊಡ್ಡ ಟ್ಯಾಂಕ್ ಇದೆ. ಸುತ್ತಲ ಊರುಗಳ ಹಾಲೂ ಇಲ್ಲಿಗೇ ಬರುತ್ತದೆ. ಆಗತಾನೇ ಕರೆದ ಹಾಲಿನಲ್ಲಿ ಹಸುವಿನ ಮೈಬಿಸಿ ಇನ್ನೂ ಇರುತ್ತದೆ. ಅದನ್ನು ಮೂರು ಗಂಟೆಯೊಳಗೆ ನಾಲ್ಕು ಡಿಗ್ರಿಗೆ ಇಳಿಸಬೇಕು, ತಡವಾದಷ್ಟೂ ಹುಳಿ ಹತ್ತುತ್ತದೆ. ಸಂಜೆ ಹೆಣ್ಣುಮಕ್ಕಳು ಹಾಲು ಅಳೆಸಿಕೊಂಡು, ಫ್ಯಾಟ್ ನೋಡಿಸಿಕೊಂಡು ಮನೆಗೆ ಹೋಗುವ ಹೊತ್ತಿಗೆ, ಟ್ಯಾಂಕ್ ಓಡಿಸಲು ಬೇಕಾದ ತ್ರೀ ಫೇಸ್ ಕರೆಂಟು ಹೋಗಿರುತ್ತದೆ. ಟ್ಯಾಂಕಿನ ಮೇಲಿನ ಅಂಕಿ ಹನ್ನೊಂದಕ್ಕೋ ಹನ್ನೆರಡಕ್ಕೋ ನಿಂತುಬಿಡುತ್ತದೆ. ಜನರೇಟರ್ ಹಚ್ಚದೆ ವಿಧಿಯಿಲ್ಲ. ಒಂದು ಲೀಟರ್ ಡೀಸೆಲ್‌ಗೆ ಅದರಿಂದ ಸಿಗುವುದು ಹೆಚ್ಚೆಂದರೆ ಮೂರು ಯೂನಿಟ್ ಕರೆಂಟು, ಇಂದಿನ ದರದಲ್ಲಿ ಯೂನಿಟ್‌ಗೆ ಸುಮಾರು 30 ರೂಪಾಯಿ. ಅದೇ ಒಂದು ಲೀಟರ್ ಉರಿದು ಎರಡೂವರೆ ಕಿಲೋಗೂ ಹೆಚ್ಚು ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಈ ಖರ್ಚು ಕಳೆಯುವುದು ಸಂಘದ ಲಾಭದಲ್ಲಿ, ಅಂದರೆ ವರ್ಷದ ಕೊನೆಗೆ ಸದಸ್ಯರಿಗೆ ಹಂಚಬೇಕಾದ ಬೋನಸ್ಸಿನಲ್ಲಿ.

‘ಮೇಲೆ ಸೋಲಾರ್ ಹಾಕಿಸಿಬಿಡಿ’ ಎಂದು ಹೇಳುವವರು ಬಹಳ ಮಂದಿ. ಪಕ್ಕದ ಒಂದು ಸಂಘ ಹಾಕಿಸಿತ್ತು. ಹಾಲು ಬರುವುದು ಬೆಳಿಗ್ಗೆ ಮತ್ತು ಸಂಜೆ, ಬಿಸಿಲು ಇರುವುದು ನಡುಹಗಲು ಎಂಬುದನ್ನು ಪ್ಯಾನೆಲ್ ಮಾರಿದವರು ಕೇಳಲೂ ಇಲ್ಲ, ಹೇಳಲೂ ಇಲ್ಲ. ಮಧ್ಯಾಹ್ನದ ಕರೆಂಟಿನಿಂದ ಮಂಜುಗಡ್ಡೆ ಕಟ್ಟಿಟ್ಟು ಸಂಜೆಯ ಹಾಲು ತಂಪು ಮಾಡುವ ಐಸ್ ಬ್ಯಾಂಕ್ ಎಂಬ ವ್ಯವಸ್ಥೆ ಇದೆ, ಅದಕ್ಕೆ ದುಬಾರಿ ಬ್ಯಾಟರಿಯೂ ಬೇಡ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ ಇನ್ವರ್ಟರ್ ಕೆಟ್ಟಿತು, ರಿಪೇರಿಗೆ ಯಾರೂ ಬರಲಿಲ್ಲ. ಪ್ಯಾನೆಲ್‌ಗಳು ಧೂಳು ಹಿಡಿದು ಹಾಗೇ ಇವೆ. ಆ ಸಂಘದವರನ್ನು ನಾನು ದೂರುವುದಿಲ್ಲ. ಒಂದು ಹಳ್ಳಿ ಸಂಘ ಒಂಟಿಯಾಗಿ ಇಂಥ ಕೆಲಸಕ್ಕೆ ಕೈಹಾಕಿದರೆ ಯಾರ ಪಾಡೂ ಇದೇ ಆಗುತ್ತದೆ.

ಹಾಲಿನ ವಿಷಯದಲ್ಲಿ ನಾವು ಒಂಟಿಯಾಗಿಲ್ಲ. ಯಾವ ಹಳ್ಳಿ ಸಂಘವೂ ಪಶುವೈದ್ಯರನ್ನು ಸಂಬಳಕ್ಕೆ ಇಟ್ಟುಕೊಳ್ಳಲಾರದು, ಪಶು ಆಹಾರದ ಕಾರ್ಖಾನೆ ಕಟ್ಟಲಾರದು. ಅದಕ್ಕೇ ಸಂಘಗಳೆಲ್ಲ ಸೇರಿ ಒಕ್ಕೂಟ, ಒಕ್ಕೂಟಗಳೆಲ್ಲ ಸೇರಿ ಮಹಾಮಂಡಳಿ. ಹಸುವಿಗೆ ಕೆಚ್ಚಲು ಬಾವು ಬಂದರೆ ಯಾರಿಗೆ ಫೋನ್ ಮಾಡಬೇಕೆಂದು ಒಂದೇ ಹಸು ಕಟ್ಟಿರುವ ಹೆಂಗಸಿಗೂ ಗೊತ್ತು. ಇನ್ವರ್ಟರ್ ಕೆಟ್ಟರೆ ಯಾರನ್ನು ಕೇಳಬೇಕೆಂದು ಕಾರ್ಯದರ್ಶಿಯಾದ ನನಗೇ ಗೊತ್ತಿಲ್ಲ. ತಾಲ್ಲೂಕಿನ ಹಾಲಿನ ಸಂಘಗಳು, ಕೃಷಿ ಪತ್ತಿನ ಸಂಘಗಳು, ಸ್ತ್ರೀಶಕ್ತಿ ಗುಂಪುಗಳು, ಗ್ರಾಮ ಪಂಚಾಯಿತಿಗಳು ಕೂಡಿ ವಿದ್ಯುತ್ತಿಗೂ ಇಂಥದೇ ಒಂದು ಒಕ್ಕೂಟ ಕಟ್ಟಿಕೊಳ್ಳಬೇಕು. ಐವತ್ತು ಸಂಘಗಳು ಸೇರಿದರೆ ಒಬ್ಬ ಎಂಜಿನಿಯರನ್ನೂ ಇಬ್ಬರು ಮೆಕ್ಯಾನಿಕ್‌ಗಳನ್ನೂ ಇಟ್ಟುಕೊಳ್ಳಬಹುದು. ಒಟ್ಟಿಗೆ ಖರೀದಿಸಿದರೆ ದರದಲ್ಲೂ ಚೌಕಾಸಿ ಮಾಡಬಹುದು.

ಕೂಡಿದರೆ ಇನ್ನೂ ಒಂದು ಅನುಕೂಲವಿದೆ. ನಮ್ಮ ಬಿಎಂಸಿಗೆ ಕರೆಂಟು ಬೇಕಾದುದು ಬೆಳಿಗ್ಗೆ, ಸಂಜೆ. ಪಂಚಾಯಿತಿಯ ಕುಡಿಯುವ ನೀರಿನ ಮೋಟರನ್ನು ನಡುಹಗಲಲ್ಲೂ ಓಡಿಸಬಹುದು. ಹಿಟ್ಟಿನ ಗಿರಣಿ, ಹೊಲಿಗೆ ಯಂತ್ರ, ಶಾಲೆ ಎಲ್ಲವೂ ಹಗಲಿನವೇ. ಬಿಸಿಲು ಚುರುಗುಟ್ಟುವುದು ಮಾಘದಿಂದ ವೈಶಾಖದವರೆಗೆ. ಮೋಡ ಕವಿದು ಪ್ಯಾನೆಲ್ ಮಂಕಾಗುವ ಜ್ಯೇಷ್ಠ, ಆಷಾಢಗಳಲ್ಲೇ ನಮ್ಮ ಗುಡ್ಡಗಳ ಮೇಲೆ ಗಾಳಿಯ ಅಬ್ಬರ. ಒಬ್ಬರಿಗೆ ಬೇಡದ ಹೊತ್ತಿನ ಕರೆಂಟು ಇನ್ನೊಬ್ಬರಿಗೆ ಬೇಕು, ಬಿಸಿಲು ಕೈಕೊಟ್ಟ ತಿಂಗಳಲ್ಲಿ ಗಾಳಿ ಕೈಹಿಡಿಯುತ್ತದೆ. ಬೇರೆ ಬೇರೆ ಇದ್ದರೆ ಈ ಲೆಕ್ಕ ಕೂಡುವುದೇ ಇಲ್ಲ.

ಇದು ಆಗದ ಮಾತೇನಲ್ಲ. ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ಓಡಂತುರೈ ಗ್ರಾಮ ಪಂಚಾಯಿತಿ 2006ರಲ್ಲಿ ತನ್ನ ಉಳಿತಾಯದ ಜೊತೆಗೆ ಬ್ಯಾಂಕ್ ಸಾಲ ಮಾಡಿ, 1.55 ಕೋಟಿ ರೂಪಾಯಿಯಲ್ಲಿ 350 ಕಿಲೋವ್ಯಾಟ್‌ನ ಗಾಳಿಯಂತ್ರ ಕೊಂಡಿತು. ತನ್ನ ಬಳಕೆ ಕಳೆದು ಉಳಿದ ಕರೆಂಟನ್ನು ವಿದ್ಯುತ್ ಮಂಡಳಿಗೆ ಮಾರಿತು. ಆ ಯಂತ್ರ ನಿಂತಿರುವುದು ಅವರ ಊರಿನಲ್ಲೂ ಅಲ್ಲ, ಗಾಳಿ ಚೆನ್ನಾಗಿರುವ ಉಡುಮಲೈಪೇಟೆ ಕಡೆ. ನಮಗಾದರೋ ಗಾಳಿ ಮನೆ ಬಾಗಿಲಿಗೇ ಬರುತ್ತದೆ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ ಬೆರಳೆಣಿಕೆಯ ರೈತರು ಸೋಲಾರ್ ಪಂಪುಗಳ ಸಹಕಾರ ಸಂಘ ಮಾಡಿಕೊಂಡು, ನೀರೆತ್ತಿ ಉಳಿದ ಕರೆಂಟನ್ನು 2016ರಿಂದ ಮಾರತೊಡಗಿದರು. ಡೆನ್ಮಾರ್ಕಿನ ಕೋಪನ್‌ಹೇಗನ್ ಕಡಲಿನಲ್ಲಿ 2000ದಲ್ಲಿ ನಿಂತ ಇಪ್ಪತ್ತು ಗಾಳಿಯಂತ್ರಗಳಲ್ಲಿ ಅರ್ಧ, ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರಿರುವ ಸಹಕಾರ ಸಂಘದ್ದು. ವರ್ಷಕ್ಕೆ ಸಾವಿರ ಯೂನಿಟ್‌ಗೆ ಒಂದು ಷೇರು ಎಂದು ಅಲ್ಲಿ ಲೆಕ್ಕ ಹಾಕಿದರು. ಅಷ್ಟು ದೂರ ಏಕೆ, ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಲ್ಲೇ ಶುರುವಾದದ್ದು. ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲೊಂದು ಹುಟ್ಟಿದ್ದೂ ನಮ್ಮ ಗದಗಿನ ಕಣಗಿನಹಾಳದಲ್ಲಿ, 1905ರಲ್ಲಿ.

ನೆರೆಯ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕನ್ನು ನೋಡಿದವರಿಗೆ ಇನ್ನೊಂದು ಮಾತೂ ಗೊತ್ತು. ಅಲ್ಲಿ ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಬರುತ್ತದೆ. ಒಣಭೂಮಿಯ ರೈತನಿಗೆ ಅದು ದೊಡ್ಡ ಆಸರೆ, ಅಲ್ಲಗಳೆಯುವುದಿಲ್ಲ. ಆದರೆ ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕಳೆ ತೆಗೆದು, ಶೇಂಗಾ ಕಿತ್ತು ಬದುಕುತ್ತಿದ್ದವರಿಗೆ ಬಾಡಿಗೆ ಬರುವುದಿಲ್ಲ. ನಮ್ಮ ಸಂಘದ ಸದಸ್ಯರಲ್ಲಿ ಜಮೀನಿಲ್ಲದವರು ಬಹಳ ಜನ. ರಸ್ತೆ ಬದಿಯ ಹುಲ್ಲು ಕೊಯ್ದು ಹಸು ಸಾಕುತ್ತಾರೆ. ಅವರೂ ಸಣ್ಣದೊಂದು ಷೇರು ಹಾಕಿ ಪಾಲುದಾರರಾಗುವ ದಾರಿ ಸಹಕಾರ ಸಂಘದಲ್ಲಿ ಮಾತ್ರ ಇದೆ. ನನಗೆ ಎಲ್ಲಕ್ಕಿಂತ ಮುಖ್ಯವಾದುದು ಇದೇ.

ಕಾನೂನಿನಲ್ಲಿ ಬಾಗಿಲು ಮುಚ್ಚಿಲ್ಲ. ರೈತರ ಸೋಲಾರ್ ವಿದ್ಯುತ್ತಿಗೆಂದು 2019ರಲ್ಲಿ ಬಂದ ಕೇಂದ್ರ ಸರ್ಕಾರದ ಪಿಎಂ ಕುಸುಮ್ ಯೋಜನೆಯ ‘ಎ’ ಭಾಗದಲ್ಲಿ ಸಬ್‌ಸ್ಟೇಷನ್‌ನಿಂದ ಐದು ಕಿಲೋಮೀಟರ್ ಒಳಗೆ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್‌ವರೆಗಿನ ವಿದ್ಯುತ್ ಘಟಕ ಹಾಕಲು ರೈತರ ಜೊತೆಗೆ ಸಹಕಾರ ಸಂಘ, ಪಂಚಾಯಿತಿ, ನೀರು ಬಳಕೆದಾರರ ಸಂಘಗಳಿಗೂ ಅವಕಾಶ ಇಟ್ಟರು. ಒಂದು ಮೆಗಾವ್ಯಾಟ್‌ಗೆ ನಾಲ್ಕೈದು ಎಕರೆ ಸಾಕು. ಆದರೆ ಬಂಡವಾಳ ಕೋಟಿಗಟ್ಟಲೆ, ಕಾಗದಪತ್ರ ಕಟ್ಟುಗಟ್ಟಲೆ. ಕಂಪನಿಯವರಿಗೆ ಅದಕ್ಕೆಂದೇ ಆಳುಕಾಳು ಇದ್ದಾರೆ. ಹಾಲು ಅಳೆಯುವುದು, ಪುಸ್ತಕ ಬರೆಯುವುದು, ಬಟವಾಡೆ ಮಾಡುವುದು ಎಲ್ಲ ಒಬ್ಬಳೇ ನಿಭಾಯಿಸುವ ಕಾರ್ಯದರ್ಶಿ ಟೆಂಡರ್ ಓದುವುದು ಯಾವಾಗ?

ಹಾಗಾಗಿ ಮೂರು ಕಡೆಗೆ ನನ್ನ ಮನವಿ. ಇಂಥ ಕೂಟಕ್ಕೆ ಡಿಸಿಸಿ, ಅಂದರೆ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕ್ ದೀರ್ಘಾವಧಿ ಸಾಲದ ಒಂದು ಯೋಜನೆ ಮಾಡಲಿ. ಹಾಲಿನ ಬಟವಾಡೆಯಿಂದ ಕಂತು ಹಿಡಿಯುವ ಪದ್ಧತಿ ಹಸು ಸಾಲದಲ್ಲಿ ರೂಢಿಯಿದೆ, ಸದಸ್ಯರಿಗೆ ಹೊಸದೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು 1974ರಲ್ಲಿ ‘ಅಸ್ತ್ರ’ ಕೇಂದ್ರ ಕಟ್ಟಿ ಹಳ್ಳಿಗೆ ಬೇಕಾದ ತಂತ್ರಜ್ಞಾನದ ಕೆಲಸ ಮಾಡಿದವರು. 1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಕಟ್ಟಿಗೆಯ ಅನಿಲದಿಂದ ದೀಪ ಹಚ್ಚಿ, ನೀರೆತ್ತಿಸಿ ತೋರಿಸಿದರು. ಈಗ ಅವರ ಕ್ಯಾಂಪಸ್ ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಇದೆ. ಜಿಲ್ಲೆಯ ಐಟಿಐ ಮುಗಿಸಿದ ಹುಡುಗ ಹುಡುಗಿಯರಿಗೆ ಇನ್ವರ್ಟರ್, ಪ್ಯಾನೆಲ್ ರಿಪೇರಿಯ ತರಬೇತಿ ಅಲ್ಲಿ ಸಿಗುವಂತಾಗಲಿ. ಇನ್ನು ಜಿಲ್ಲಾಡಳಿತ, ಹೊಸ ಗಾಳಿಯಂತ್ರಗಳಿಗೆ ಗುಡ್ಡ ಕೊಡುವ ಮಾತು ಬಂದಾಗ ಆ ಬುಡದ ಊರಿನ ಸಂಘಗಳನ್ನೂ ಕರೆದು ಕೂರಿಸಿಕೊಂಡು ಮಾತಾಡಲಿ.

ಸಹೋದ್ಯೋಗಿ ಕಾರ್ಯದರ್ಶಿಗಳಿಗೂ ಒಂದು ಮಾತು. ಸೆಪ್ಟೆಂಬರ್‌ನಲ್ಲಿ ಎಲ್ಲ ಸಂಘಗಳ ವಾರ್ಷಿಕ ಮಹಾಸಭೆ ಇರುತ್ತದೆ. ನೋಟಿಸಿನಲ್ಲಿ ಈ ವಿಷಯವನ್ನೂ ಒಂದು ಸಾಲು ಸೇರಿಸಿ. ಹಿಂದಿನ ವರ್ಷ ಜನರೇಟರ್‌ಗೆ ಸುರಿದ ಡೀಸೆಲ್ ಎಷ್ಟು, ಕಟ್ಟಿದ ಕರೆಂಟು ಬಿಲ್ಲು ಎಷ್ಟು ಎಂದು ಸದಸ್ಯರ ಮುಂದೆ ಓದಿ ಹೇಳಿ, ಠರಾವು ಬರೆಸಿ. ಆ ಠರಾವುಗಳ ಪ್ರತಿಗಳನ್ನೆಲ್ಲ ಒಟ್ಟುಮಾಡಿ ಒಕ್ಕೂಟಕ್ಕೂ ಜಿಲ್ಲಾಧಿಕಾರಿಗಳಿಗೂ ಒಂದೇ ದಿನ ಕೊಟ್ಟು ಬರೋಣ.

– ಕಾರ್ಯದರ್ಶಿ, ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ, ಹೊಸದುರ್ಗ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ