ಪುಸ್ತಕ ಎದುರುತ್ತರ ಕೊಡಲಿ

ಪ್ರಿಯ ಗೆಳತಿ,

ನಿನ್ನ ಮೂರು ಲೇಖನಗಳೂ ಜೊತೆಗಿಟ್ಟ ಕಾಗದವೂ ತಲುಪಿದವು. ಇಂಗ್ಲಿಷ್ ಸಾಹಿತ್ಯದ ಬಗ್ಗೆ ಕನ್ನಡದಲ್ಲಿ ವಿಮರ್ಶೆ ಬರೆದರೆ ಓದುವವರು ಯಾರು, ಬಿಟ್ಟುಬಿಡಲೇ ಎಂದು ಕೇಳಿದ್ದೀಯ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ನನಗೂ ಓದುಗರು ಕಡಿಮೆಯೇ. ಅಡಿಟಿಪ್ಪಣಿ ಹೇಗೆ ಹಾಕಬೇಕು, ಯಾವ ಪತ್ರಿಕೆ ಯಾವ ಪಟ್ಟಿಯಲ್ಲಿದೆ ಎನ್ನುವುದನ್ನೆಲ್ಲ ನಿನ್ನ ಗೈಡನ್ನೇ ಕೇಳು. ನನಗೆ ಜಗಳವಿರುವುದು ಒಂದೇ ವಿಷಯಕ್ಕೆ: ನಿನ್ನ ಲೇಖನಗಳಲ್ಲಿ ಯಾವ ಕೃತಿಯೂ ನಿನಗೆ ಎದುರುತ್ತರ ಕೊಟ್ಟಿಲ್ಲ. ವಸಾಹತೋತ್ತರ (ವಸಾಹತು ಆಳ್ವಿಕೆಯ ನೆರಳು ಹುಡುಕುವ ಓದು) ಅಂದರೆ ಹೂಂ ಅನ್ನುತ್ತದೆ, ಸ್ತ್ರೀವಾದ ಅಂದರೂ ಹೂಂ ಅನ್ನುತ್ತದೆ. ಜಾತಕ ಕೂಡಿಬಂತೆಂದು ಮುಖವನ್ನೇ ನೋಡದೆ ಲಗ್ನ ಗೊತ್ತುಮಾಡಿದ ಹಾಗಾಗಿದೆ.

ಎ.ಕೆ. ರಾಮಾನುಜನ್ ಅವರ ‘ಎ ರಿವರ್’ ಕವಿತೆಯನ್ನೇ ತಗೋ, 1966ರ ‘ದಿ ಸ್ಟ್ರೈಡರ್ಸ್’ ಸಂಕಲನದ್ದು. ಮಧುರೆಯ ಹಳೆಯ ಕವಿಗಳು ಹೊಳೆಯ ಪ್ರವಾಹವನ್ನಷ್ಟೇ ಹಾಡಿದರು, ಆಧುನಿಕ ಕವಿ ಕೊಚ್ಚಿಹೋದ ಬಸುರಿಯನ್ನು ಕಂಡ, ಆದ್ದರಿಂದ ಇದು ಪರಂಪರೆಯ ವಿರುದ್ಧ ಆಧುನಿಕತೆಯ ಪ್ರತಿಭಟನೆ: ಇದು ನಿನ್ನ ವಾದ. ಪರೀಕ್ಷೆಯಲ್ಲಾದರೆ ಫಸ್ಟ್ ಕ್ಲಾಸ್ ಸಿಗುತ್ತದೆ. ಆದರೆ ಕವಿತೆಯಲ್ಲಿ ಒಂದೇ ಪಟ್ಟಿ ಎರಡು ಸಲ ಬರುತ್ತದೆ, ಗಮನಿಸಿದೆಯಾ? ಮೊದಲ ಸಲ ಹೊಳೆ ಒಯ್ಯುವುದು ಮೂರು ಮನೆ, ಒಬ್ಬ ಬಸುರಿ, ಎರಡು ಹಸು. ಹಸುಗಳಿಗೆ ಗೋಪಿ, ಬೃಂದಾ ಎಂದು ಹೆಸರುಂಟು, ಹೆಂಗಸಿಗಿಲ್ಲ. ಕೊನೆಯಲ್ಲಿ ಪಟ್ಟಿ ಮತ್ತೆ ಬರುವಾಗ ಹಸುಗಳು ಮುಂದೆ ಹೋಗಿರುತ್ತವೆ, ಬಸುರಿ ಹಿಂದೆ ಬಿದ್ದಿರುತ್ತಾಳೆ. ಅಷ್ಟಕ್ಕೇ ಮುಗಿಯುವುದಿಲ್ಲ. ಮೊದಲು ಅವಳ ಹೊಟ್ಟೆಯಲ್ಲಿದ್ದದ್ದು ಬಹುಶಃ ಅವಳಿ. ಕವಿತೆಯೊಳಗಿನ ‘ಅವನು’ ಬಾಯಿ ತೆರೆದ ಮೇಲೆ ‘ಬಹುಶಃ’ ಹೋಗಿ ಅವು ತದ್ರೂಪಿ ಅವಳಿಗಳೇ ಆಗುತ್ತವೆ. ಮೈಮೇಲೆ ಒಂದು ಮಚ್ಚೆಯೂ ಇಲ್ಲವಂತೆ, ಗುರುತು ಸಿಗಲೆಂದು ಬೇರೆ ಬೇರೆ ಬಣ್ಣದ ಡೈಪರ್ ಬೇರೆ! ಹುಟ್ಟದೇ ಸತ್ತ ಕೂಸುಗಳಿಗೆ. ಈ ‘ಅವನು’ ಆ ಊರಿನಲ್ಲಿದ್ದದ್ದು ಒಂದೇ ದಿನ, ಕವಿತೆ ಅದನ್ನೂ ಮುಚ್ಚಿಟ್ಟಿಲ್ಲ. ಹಾಗಾದರೆ ಹಳೆಯ ಕವಿಗಳನ್ನು ಬೈಯುತ್ತಲೇ ಇವನೂ ಅದೇ ಹೆಣದ ಮೇಲೆ ಚಮತ್ಕಾರ ಮಾಡುತ್ತಿದ್ದಾನೆಯೇ? ಅಥವಾ ಯಾರೂ ಕಾಣದ ಆ ಕೂಸುಗಳನ್ನು ಕಣ್ಣಿಗೆ ಕಟ್ಟುವಂತೆ ಮಾಡಲು ಅವನಿಗೆ ಉಳಿದಿದ್ದ ದಾರಿ ಅದೊಂದೇ ಆಗಿತ್ತೇ? ಒಂದೊಂದು ಸಲ ಓದಿದಾಗ ನನಗೆ ಒಂದೊಂದು ರೀತಿ ಅನ್ನಿಸುತ್ತದೆ. ನಿನ್ನ ಲೇಖನದಲ್ಲಿ ಡೈಪರ್‌ನ ಸುದ್ದಿಯೇ ಇಲ್ಲ. ನಿನ್ನ ವಾದಕ್ಕೆ ಅಡ್ಡ ಬರುತ್ತಿದ್ದದ್ದು ಅದೊಂದು, ಅದನ್ನೇ ಬಿಟ್ಟು ಮುಂದೆ ಹೋಗಿದ್ದೀಯ.

ಸಿಟ್ಟು ಯಾಕೆಂದರೆ, ಇದೇ ಕವಿತೆ ಹಿಡಿದು ನಾನೊಮ್ಮೆ ಸೆಮಿನಾರಿನಲ್ಲಿ ನಿಂತಿದ್ದೆ. ಎರಡು ಸಾಲು ಓದುವಷ್ಟರಲ್ಲಿ ಅಧ್ಯಕ್ಷರು ಬಾಯಿ ಹಾಕಿ ‘ನಿಮ್ಮ ಫ್ರೇಮ್‌ವರ್ಕ್ ಯಾವುದು, ಯಾವ ಥಿಯರಿ’ ಅಂದರು. ಅದನ್ನು ವಿವರಿಸುವುದರಲ್ಲೇ ಟೈಮ್ ಮುಗಿದು ಬೆಲ್ ಹೊಡೆದರು. ಕವಿತೆ ಕೊನೆಗೂ ಯಾರ ಕಿವಿಗೂ ಬೀಳಲಿಲ್ಲ. ಆ ಮಹಾನುಭಾವರನ್ನು ನಾನಿನ್ನೂ ಕ್ಷಮಿಸಿಲ್ಲ.

ಹಾಗಂತ ಥಿಯರಿಯೇ ಬೇಡ ಎನ್ನುವವರ ಗುಂಪಿಗೆ ನನ್ನನ್ನು ಸೇರಿಸಬೇಡ. ಇಂಗ್ಲಿಷ್ ಪ್ರಾಧ್ಯಾಪಕ ಸಿ.ಡಿ. ನರಸಿಂಹಯ್ಯನವರು ಕೇಂಬ್ರಿಡ್ಜಿನಲ್ಲಿ ವಿಮರ್ಶಕ ಲೀವಿಸ್ ಹತ್ತಿರ ಕಲಿತು ಮೈಸೂರಿಗೆ ತಂದ ಓದು ಒಂದೊಂದು ಸಾಲನ್ನೂ ತೂಗಿ ನೋಡುವುದನ್ನು ಕಲಿಸಿತು. ಭಾರತೀಯರ ಇಂಗ್ಲಿಷ್ ಬರವಣಿಗೆಗೆ ತರಗತಿಯಲ್ಲಿ ಜಾಗ ಮಾಡಿಕೊಡಲು ಅವರಷ್ಟು ಹೆಣಗಿದವರು ಕಡಿಮೆ. ಆದರೆ ಜೇನ್ ಆಸ್ಟೆನ್ ಕಾದಂಬರಿಯ ದೊಡ್ಡ ಮನೆಗಳಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು ಎಂದು ಆ ಓದು ಕೇಳುತ್ತಿರಲಿಲ್ಲ. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಬಗ್ಗೆ ಅದನ್ನು ಎಲ್ಲರಿಗೂ ಕೇಳಿಸುವಂತೆ ಕೇಳಿದ್ದು ವಸಾಹತೋತ್ತರ ಚಿಂತಕ ಎಡ್ವರ್ಡ್ ಸೈದ್, 1993ರ ತಮ್ಮ ‘ಕಲ್ಚರ್ ಅಂಡ್ ಇಂಪೀರಿಯಲಿಸಂ’ ಪುಸ್ತಕದಲ್ಲಿ. ಅಂಥ ಪ್ರಶ್ನೆ ಕೇಳಲು ಥಿಯರಿ ಬೇಕೇ ಬೇಕು.

ನಿನ್ನ ಎರಡನೆಯ ಲೇಖನ ಅಲ್ಲಿಂದಲೇ ಹೊರಡುತ್ತದೆ. ಕೆರಿಬಿಯನ್ ದ್ವೀಪ ಆ್ಯಂಟಿಗಾದಲ್ಲಿನ ತನ್ನ ಆಸ್ತಿ ನೋಡಿಕೊಂಡು ಬಂದ ಮನೆಯ ಯಜಮಾನ ಸರ್ ಥಾಮಸ್‌ನನ್ನು ಅವನ ಮನೆಯಲ್ಲೇ ಬೆಳೆದ ಬಡ ನೆಂಟರ ಹುಡುಗಿ ಫ್ಯಾನಿ ಗುಲಾಮರ ವ್ಯಾಪಾರದ ಬಗ್ಗೆ ಕೇಳುತ್ತಾಳೆ, ಆಮೇಲೆ ಮನೆಯಲ್ಲಿ ಮೌನ. ‘ಸಾಮ್ರಾಜ್ಯದ ಯಜಮಾನ ಬಾಯಿ ಮುಚ್ಚಿಕೊಂಡ’ ಎಂದು ಬರೆದಿದ್ದೀಯ. ಆ ಪುಟ ತೆಗೆದು ನೋಡಿದೆಯಾ ತಾಯಿ? ಇನ್ನಷ್ಟು ಕೇಳಿದ್ದರೆ ಅಪ್ಪನಿಗೆ ಸಂತೋಷವೇ ಆಗುತ್ತಿತ್ತು ಅನ್ನುತ್ತಾನೆ ಸರ್ ಥಾಮಸನ ಮಗ ಎಡ್ಮಂಡ್. ಫ್ಯಾನಿ ಸುಮ್ಮನಾದದ್ದು ಪಕ್ಕದಲ್ಲಿ ಕೂತ ಸರ್ ಥಾಮಸನ ಹೆಣ್ಣುಮಕ್ಕಳಿಗೆ ಈ ಮಾತಿನಲ್ಲಿ ಆಸಕ್ತಿಯೇ ಇರಲಿಲ್ಲವೆಂದು, ಅವರ ಮುಂದೆ ತಾನು ಜಾಣೆಯಂತೆ ಕಂಡರೆ ಚೆನ್ನಾಗಿರದು ಎಂದು. ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ, ಕಾದಂಬರಿ ಬಂದದ್ದು 1814ರಲ್ಲಿ. ತಮ್ಮ ಮೈಮೇಲಿನ ರೇಷ್ಮೆಗೆ ದುಡ್ಡು ಬಂದ ದಾರಿಯ ಮಾತೆತ್ತಿದರೆ ಆ ಹುಡುಗಿಯರಿಗೆ ಬೇಜಾರು! ತಪ್ಪಿತಸ್ಥನ ಮೌನಕ್ಕಿಂತ ಇದು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಸೈದ್ ವಾದ ಇದರಿಂದ ಬಿದ್ದುಹೋಗುವುದಿಲ್ಲ, ಗಟ್ಟಿಯಾಗುತ್ತದೆ. ಆದರೆ ಅದು ಕಾಣಬೇಕಾದರೆ ಪುಟ ತೆಗೆಯಬೇಕು. ಅದೇ ಲೇಖನದಲ್ಲಿ ಬೆಂಕಿ ಹಾಕದ ಕೋಣೆಯಲ್ಲಿ ಫ್ಯಾನಿ ಚಳಿಯಲ್ಲಿ ಕೂರುವುದರ ಬಗ್ಗೆ ಬರೆದ ಅರ್ಧ ಪುಟವಿದೆಯಲ್ಲ, ಅದನ್ನು ನಾನು ಮನೆಯವರಿಗೆ ಓದಿ ಹೇಳಿದೆ. ನಿನ್ನ ಗೈಡ್ ಅದಕ್ಕೇ ಕೆಂಪು ಗೀಟು ಎಳೆದಿದ್ದಾರೆ. ತೆಗೆಯಬೇಡ, ಇರಲಿ.

ಇನ್ನು ‘ಕಾಂತಾಪುರ’. ರಾಜಾ ರಾವ್ 1938ರ ಆ ಇಂಗ್ಲಿಷ್ ಕಾದಂಬರಿಗೆ ಬರೆದ, ಪರಭಾಷೆಯಲ್ಲಿ ನಮ್ಮತನ ಹೇಳುವುದರ ಬಗೆಗಿನ ಮುನ್ನುಡಿಯನ್ನು ಎಲ್ಲರಂತೆ ನೀನೂ ಉದ್ಧರಿಸಿ, ಕಥೆ ಹೇಳುವ ಅಚ್ಚಕ್ಕನದು ಇಡೀ ಹಳ್ಳಿಯ ದನಿ ಎಂದಿದ್ದೀಯ. ಕಥೆಯ ಶುರುವಿನಲ್ಲೇ ಅವಳು ಬ್ರಾಹ್ಮಣರ ಕೇರಿಯನ್ನು ಬಾಯ್ತುಂಬ ವರ್ಣಿಸಿ, ಉಳಿದ ಕೇರಿಗಳಲ್ಲಿ ಎಷ್ಟು ಗುಡಿಸಲುಗಳಿದ್ದವೋ ಗೊತ್ತಿಲ್ಲ ಅನ್ನುತ್ತಾಳೆ. ಹೊಲಗೇರಿಗೆ ತಾನು ಹೋಗುವುದಂತೂ ಇಲ್ಲವೇ ಇಲ್ಲ, ಅಲ್ಲಿನ ತಿಮ್ಮಯ್ಯನ ಗುಡಿಸಲನ್ನು ಬೀದಿಯ ಮೂಲೆಯಿಂದ ಕಂಡದ್ದುಂಟು. ಮುಂದೆ ಪುಟಪುಟದಲ್ಲೂ ‘ನಾವು’ ಎನ್ನುವವಳು ಇವಳೇ. ಹಾಸನದಲ್ಲಿ ಹುಟ್ಟಿದ ಲೇಖಕ ಇದನ್ನು ಎಷ್ಟು ತಿಳಿದು ಬರೆದರು, ಎಷ್ಟು ತಿಳಿಯದೆ? ಈ ಪ್ರಶ್ನೆ ಇಟ್ಟುಕೊಂಡು ಮೂರನೆಯ ಲೇಖನವನ್ನು ಮೊದಲಿನಿಂದ ಬರೆ, ಮುನ್ನುಡಿಯ ತಂಟೆಗೆ ಹೋಗಬೇಡ. ಯುಗಾದಿಯೊಳಗೆ ಕಳಿಸು. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ, ಈ ಸಲ ಭೂತಗನ್ನಡಿ ಹಿಡಿದು ಓದಿ ಕತ್ತು ಹಿಡಿದುಕೊಂಡಿದೆ.

ಇತಿ,
ನಿನ್ನ ಹಿರಿಯ ಮಿತ್ರ