ಓವೇರ್ ಚರ್ಚಿನ ಚಿತ್ರದಲ್ಲಿ ಇರುವುದು ಬರೀ ಸಾವೇ?

ಮಾನ್ಯ ಸಂಪಾದಕರೇ,

ವಿನ್ಸೆಂಟ್ ವ್ಯಾನ್ ಗೋ 1890ರ ಜೂನ್‌ನಲ್ಲಿ ಬಿಡಿಸಿದ, ಈಗ ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿರುವ ಫ್ರಾನ್ಸಿನ ಓವೇರ್ ಊರಿನ ಚರ್ಚಿನ ಚಿತ್ರವನ್ನು, ಮರುತಿಂಗಳೇ ಬಂದ ಕಲಾವಿದನ ಸಾವಿನ ಮುನ್ಸೂಚನೆಯೆಂದಷ್ಟೇ ಓದುವ ರೂಢಿ ಬೇರೂರಿದೆ. ಇದು ಚಿತ್ರಕ್ಕೆ ಮಾಡುವ ಅನ್ಯಾಯ. ಗೋಡೆಗಳು ನೆಟ್ಟಗಿಲ್ಲದೆ ಬಾಗಿವೆ, ಆಕಾಶ ಕಡುನೀಲಿಯಾಗಿ ಕವಿದಿದೆ ಎಂಬುದು ನಿಜ. ಆದರೆ ಎದುರಿನ ಕವಲುದಾರಿಯೂ ಹುಲ್ಲೂ ಬಿಸಿಲಿನಲ್ಲಿ ಬೆಳಗುತ್ತಿವೆ, ಚರ್ಚು ಮಾತ್ರ ತನ್ನದೇ ನೆರಳಿನಲ್ಲಿ ನಿಂತಿದೆ. ಮಳೆಗೆ ಮುನ್ನ ನಮ್ಮ ಅಂತರಗಂಗೆ ಬೆಟ್ಟದ ಮೇಲೆ ಮೋಡ ಕಪ್ಪಿಟ್ಟು, ಕೆಳಗಿನ ಹೊಲಗಳು ಹೊಳೆಯುವುದನ್ನು ಕಂಡವರಿಗೆ ಈ ಬೆಳಕು ಅಪರಿಚಿತವಲ್ಲ. ಬಾಗಿಲು ಕಾಣದಿರುವುದು ದೇವರಿಂದ ದೂರವಾದ ಮನಸ್ಸಿನ ಸಂಕೇತವೆನ್ನುವವರು, ಕಲಾವಿದ ಆರಿಸಿಕೊಂಡದ್ದು ಚರ್ಚಿನ ಹಿಂಭಾಗವನ್ನು ಎಂಬುದನ್ನು ಗಮನಿಸಬೇಕು. ತಂಗಿ ವಿಲ್‌ಗೆ ಬರೆದ ಪತ್ರದಲ್ಲಿ ಆತ ವಿವರಿಸುವುದು ನೇರಳೆ ಛಾಯೆಯ ಕಟ್ಟಡ, ಕೋಬಾಲ್ಟ್ ನೀಲಿಯ ಆಕಾಶ, ಮರಳಿನ ಮೇಲಿನ ಗುಲಾಬಿ ಬಿಸಿಲು. ಹಿಂದೆ ನೆದರ್ಲೆಂಡ್ಸಿನ ನ್ಯೂನೆನ್‌ನಲ್ಲಿ ಬಿಡಿಸಿದ ಹಳೆಯ ಗೋಪುರದ ಚಿತ್ರಗಳಿಗಿಂತ ಇಲ್ಲಿ ಬಣ್ಣ ಹೆಚ್ಚು ಸಮೃದ್ಧವಾಗಿದೆ ಎಂಬ ಮಾತೂ ಅಲ್ಲಿದೆ. ಚಿತ್ರದಲ್ಲಿ ವಿಷಾದವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಕಲಾವಿದನ ಜೀವನಕಥೆಯನ್ನು ಬದಿಗಿರಿಸಿ, ಮೊದಲು ಬಣ್ಣವನ್ನು ನೋಡುವ ಅಭ್ಯಾಸವನ್ನು ತಮ್ಮ ಪತ್ರಿಕೆಯ ಕಲಾಬರಹಗಳು ಬೆಳೆಸಲಿ ಎಂದು ವಿನಂತಿಸುತ್ತೇನೆ.

– ಚಿತ್ರಕಲಾ ಶಿಕ್ಷಕಿ, ಕೋಲಾರ