ಕೋವಿ ಕಪಾಟಿನಲ್ಲಿ ಬಿಟ್ಟು ಹೋಗಬೇಡ

ತೀರ್ಥಹಳ್ಳಿ

ಚಿರಂಜೀವಿ ಅಪ್ಪಿಗೆ ದೊಡ್ಡಪ್ಪನ ಆಶೀರ್ವಾದ.

ನಿನಗೆ ದೆಹಲಿಯಲ್ಲಿ ಕೆಲಸ ಸಿಕ್ಕ ಸುದ್ದಿ ನಿಮ್ಮಮ್ಮ ಹೇಳಿದಳು. ಸಂತೋಷ. ಜೊತೆಗೆ ಇನ್ನೊಂದು ಮಾತೂ ಹೇಳಿದಳು, "ಕೋವಿ ಕಪಾಟಿನಲ್ಲೇ ಇರುತ್ತಂತೆ, ನಾನು ನೋಡಿಕೊಳ್ಳಬೇಕಂತೆ" ಅಂತ. ಫೋನಿನಲ್ಲಿ ಹೇಳಿದರೆ ನೀನು "ಹೂಂ ದೊಡ್ಡಪ್ಪ" ಅಂದು ಮರೆಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಕೋವಿ ಮನೆಯದು ಅಂತ ನಾವು ಅಂದುಕೊಂಡಿರುತ್ತೇವೆ. ಆಯುಧಪೂಜೆ ದಿನ ಕತ್ತಿ, ಗುದ್ದಲಿ, ಪಂಪ್‌ಸೆಟ್ಟಿನ ಸಾಲಿನಲ್ಲೇ ಅದಕ್ಕೂ ಕುಂಕುಮ ಇಡುತ್ತೇವಲ್ಲ. ಆದರೆ ಕಾನೂನಿಗೆ ಅದು ಲೈಸೆನ್ಸಿನಲ್ಲಿ ಹೆಸರಿದ್ದವನದು, ಅಷ್ಟೇ. ನಿಮ್ಮಪ್ಪ ಹೋದ ಮೇಲೆ ನಿಮ್ಮಮ್ಮ, ತಂಗಿ ಇಬ್ಬರೂ ಆಕ್ಷೇಪಣೆ ಇಲ್ಲ ಅಂತ ಬರೆದುಕೊಟ್ಟರು, ಅದು ನಿನ್ನ ಹೆಸರಿಗೆ ಬಂತು. ನೀನು 2 ಸಾವಿರ ಕಿಲೋಮೀಟರ್ ಆಚೆ ಕೂತು, ಕೋವಿ ನಿಮ್ಮಮ್ಮನ ಕೈಯಲ್ಲಿ ಬಿಟ್ಟರೆ ಅವಳು ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡ ಹಾಗಾಗುತ್ತದೆ. 1959ರ ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಅದಕ್ಕೆ ಕಡಿಮೆ ಅಂದರೂ 2 ವರ್ಷ, ಜಾಸ್ತಿ ಅಂದರೆ 5 ವರ್ಷ ಜೈಲು. ತೋಟದ ಆಳು "ಮಂಗ ಓಡಿಸಿ ಬರ್ತೀನಿ, ಕೊಡಿ ಅಮ್ಮಾ" ಅಂದರೆ ಅವಳು ಇಲ್ಲ ಅನ್ನುವವಳೂ ಅಲ್ಲ. ನನ್ನ ಮನೆಯಲ್ಲಿಡೋಣ ಅಂದರೆ ಅದೂ ಆಗುವುದಿಲ್ಲ. ನನ್ನ ಲೈಸೆನ್ಸಿನಲ್ಲಿರುವುದು ನನ್ನ ಕೋವಿಯ ನಂಬರ್ ಮಾತ್ರ.

ಹಾಗಾದರೆ ಜೊತೆಗೇ ಒಯ್ಯುತ್ತೇನೆ ಅನ್ನಬೇಡ. ನನ್ನ ಕಥೆ ಕೇಳು. ಘಾಟಿ ಕೆಳಗೆ ಭಾವನ ಗದ್ದೆಗೆ ಹಂದಿ ಕಾಟ ಅಂತ ಒಮ್ಮೆ ಕೋವಿಯನ್ನು ಕಂಬಳಿಯಲ್ಲಿ ಸುತ್ತಿ, ಜೀಪಿನ ಹಿಂದಿನ ಸೀಟಿನ ಕೆಳಗಿಟ್ಟುಕೊಂಡು ಹೊರಟೆ. ಲೈಸೆನ್ಸ್ ಜೇಬಿನಲ್ಲೇ ಇತ್ತು, ಅದರ ಮೇಲೆ ಭಾರೀ ಧೈರ್ಯ. ಚೆಕ್‌ಪೋಸ್ಟಿನಲ್ಲಿದ್ದ ಹುಡುಗ ಪುಟ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟ. ವ್ಯಾಪ್ತಿ: ಶಿವಮೊಗ್ಗ ಜಿಲ್ಲೆ. "ಇದು ಉಡುಪಿ ಜಿಲ್ಲೆ ಸ್ವಾಮಿ" ಅಂದ. ಬೆಳಿಗ್ಗೆ ಕೂತವನು ಸಂಜೆಯವರೆಗೂ ಸ್ಟೇಷನ್ನಿನ ಬೆಂಚಿನ ಮೇಲಿದ್ದೆ. ತಪ್ಪು ಅವರದ್ದಲ್ಲ. ಅಷ್ಟು ವರ್ಷ ಇಟ್ಟುಕೊಂಡ ಪುಸ್ತಕದಲ್ಲಿ ಆ ಒಂದು ಸಾಲು ನಾನು ಓದಿರಲಿಲ್ಲ. ಆಗುಂಬೆಯ 14 ತಿರುವು ಇಳಿದದ್ದಕ್ಕೇ ಹೀಗೆ. ನೀನು ದಾಟಬೇಕಾದ ರಾಜ್ಯಗಳನ್ನು ನೀನೇ ಎಣಿಸು.

ಒಯ್ಯಲೇಬೇಕು ಅಂದರೆ ದಾರಿ ಇದೆ. ವ್ಯಾಪ್ತಿ ಹೆಚ್ಚಿಸಲು ಅರ್ಜಿ ಹಾಕಬೇಕು, ಊರು ಬಿಟ್ಟದ್ದನ್ನು ಇಲ್ಲಿಯ ಜಿಲ್ಲಾಧಿಕಾರಿ ಕಚೇರಿಗೂ ಅಲ್ಲಿಯ ಪೊಲೀಸರಿಗೂ ತಿಳಿಸಬೇಕು. ಆದರೆ ಬಾಡಿಗೆ ಮನೆಯ ಮೂರನೇ ಮಹಡಿಗೆ ಹಂದಿ ಬರುತ್ತದೆಯೇ? ಆ ಕಡೆ ಮದುವೆ ದಿಬ್ಬಣದಲ್ಲಿ ಗಾಳಿಗೆ ಈಡು ಹೊಡೆಯುವವರಿದ್ದಾರೆ. ಗೆಳೆಯರು "ನೀನೂ ಒಂದು ಹೊಡಿ" ಅಂತ ಕೈಗಿಟ್ಟರೆ ಮುಟ್ಟಬೇಡ. ಹಾಗೆ ಸಂಭ್ರಮಕ್ಕೆ ಹಾರಿಸಿದರೂ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅದೂ 2019ರ ತಿದ್ದುಪಡಿಯೇ.

ಈಗ ಆ ಚಾಕು. ಸಾಗರದ ಮಾರಿಜಾತ್ರೆಯಲ್ಲಿ ತೆಗೆದುಕೊಂಡೆಯಲ್ಲ, ಬಟನ್ ಒತ್ತಿದರೆ ಟಕ್ ಅಂತ ತೆರೆಯುವುದು. ಇಲ್ಲಿ ಅದರಲ್ಲಿ ಹಲಸಿನ ಹಣ್ಣು ಕೊಯ್ದಿದ್ದೀಯ, ಯಾರೂ ಕೇಳಿಲ್ಲ. ಆಯುಧ ಕಾಯ್ದೆ ದೇಶಕ್ಕೆಲ್ಲ ಒಂದೇ. ಆದರೆ ಚಾಕು, ಕತ್ತಿಯ ವಿಷಯದಲ್ಲಿ ಯಾವ ಊರಿಗೆ ಬಿಗಿ ಬೇಕೋ ಆ ಊರಿಗೆ ಬೇರೆ ಅಧಿಸೂಚನೆ ಹೊರಡಿಸಬಹುದು. ದೆಹಲಿಯಲ್ಲಿ 1980ರಲ್ಲೇ ಹೊರಡಿಸಿದ್ದಾರೆ. ಹೀಗೆ ಬಟನ್ನಿನಲ್ಲಿ ತೆರೆಯುವ ಚಾಕುವಿನ ಅಲಗು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ಆ ಅಧಿಸೂಚನೆಗೆ ಬೀಳುತ್ತದೆ. ಅಂದರೆ ಉದ್ದ ಬರೀ 3 ಇಂಚು. ಮೊನ್ನೆ ನಿಮ್ಮ ಮನೆಗೆ ಬಂದಾಗ ಮೇಜಿನ ಮೇಲಿತ್ತು, ಅಡಿಪಟ್ಟಿ ಇಟ್ಟು ನೋಡಿದೆ. ನಾಲ್ಕಕ್ಕೆ ಒಂದು ಗೆರೆ ಕಮ್ಮಿ. ಅಲ್ಲಿ ಅದನ್ನು ಜೇಬಿನಲ್ಲಿಟ್ಟು ತಿರುಗಿದರೆ ಕೇಸು. ಇಲ್ಲೇ ಬಿಡು.

ತೋಟದ ಕತ್ತಿಯ ಬಗ್ಗೆಯೂ ನೀನು ಕೇಳುತ್ತೀಯ, ಗೊತ್ತು. ವ್ಯವಸಾಯಕ್ಕೆ, ಮನೆಗೆಲಸಕ್ಕೆ ಮಾಡಿದ ಹತ್ಯಾರಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಆದರೆ ದೆಹಲಿಯಲ್ಲಿ ಕಾರಿನ ಡಿಕ್ಕಿಯಲ್ಲಿ ಕತ್ತಿ ಇಟ್ಟುಕೊಂಡು, ಬಿದ್ದ ಮರ ಕಡಿಯೋಕೆ ಅಂದರೆ ಯಾರು ನಂಬುತ್ತಾರೆ? ಅಡಕತ್ತರಿ ಬೇಕೇ ಬೇಕು ಅಂದರೆ ವಿಮಾನದಲ್ಲಿ ಕೈಚೀಲಕ್ಕೆ ಹಾಕದೆ ದೊಡ್ಡ ಬ್ಯಾಗಿಗೆ ಹಾಕು.

ಕೋವಿಗೆ ಉಳಿದದ್ದು ಜಮಾ ಮಾಡುವುದು. ಎಲೆಕ್ಷನ್ ಬಂದಾಗಲೆಲ್ಲ, ಹಂದಿಗೇನು ನೀತಿಸಂಹಿತೆ ಇದೆಯೇ ಅಂತ ಗೊಣಗುತ್ತಲೇ ಸ್ಟೇಷನ್ನಿಗೆ ಕೊಟ್ಟು ಬರುತ್ತೇವಲ್ಲ, ಹಾಗೆ. ಒಂದೆರಡು ತಿಂಗಳಿಗಾದರೆ ಸ್ಟೇಷನ್ನೇ ಸಾಕು. ನೀನು ವರ್ಷಗಟ್ಟಲೆ ಹೋಗುವವನು. ಶಿವಮೊಗ್ಗದಲ್ಲಿ ಲೈಸೆನ್ಸ್ ಇರುವ ಡೀಲರ್ ಹತ್ತಿರ ಇಡುವುದೇ ಒಳ್ಳೆಯದು ಅನ್ನಿಸುತ್ತದೆ. ಒಂದಿಷ್ಟು ದುಡ್ಡು ಕೇಳುತ್ತಾನೆ, ಕೊಡೋಣ. ನಮ್ಮ ಮಳೆಗಾಲದಲ್ಲಿ ಎಣ್ಣೆ ಕಾಣದ ನಳಿಗೆ ಏನಾಗುತ್ತದೆ ಅಂತ ನಿನಗೆ ಗೊತ್ತಲ್ವಾ. ರಸೀದಿಯಲ್ಲಿ ಕೋವಿಯ ನಂಬರ್ ಸರಿಯಾಗಿದೆಯಾ ಅಂತ ಅಲ್ಲೇ ನಿಂತು ನೋಡಬೇಕು. ಕೋವಿ ಜಮಾ ಆದರೂ ಲೈಸೆನ್ಸ್ ನವೀಕರಣ ತಪ್ಪುವುದಿಲ್ಲ. ಈಗ 5 ವರ್ಷಕ್ಕೊಮ್ಮೆ. ಆ ತಾರೀಕನ್ನು ಫೋನಿನಲ್ಲಿ ಹಾಕಿಕೋ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಜೀಪು ತರುತ್ತೇನೆ. ಲೈಸೆನ್ಸ್ ಪುಸ್ತಕ ತೆಗೆದಿಡು, ತೋಟೆಗಳನ್ನು ಎಣಿಸಿಡು. ಥಂಡಿ ಹಿಡಿಯಬಾರದು ಅಂತ ನಿಮ್ಮಪ್ಪ ಕೆಲವನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಡುತ್ತಿದ್ದ. ಅಲ್ಲೂ ಒಮ್ಮೆ ಕೈ ಹಾಕಿ ನೋಡು.

ಇಂತಿ,
ನಿನ್ನ ದೊಡ್ಡಪ್ಪ